ದಾನವ್ವನ ಪಾಳಿಯ ಇರುಳು

ನಮ್ಮೂರಿನಲ್ಲಿ ಕತ್ತಲೆ ತಾನಾಗಿ ಬರುತ್ತದೆ, ಆದರೆ ತಾನಾಗಿ ಹೋಗುವುದಿಲ್ಲ. ಅದು ಎಷ್ಟು ಹೊತ್ತು ಇರಬೇಕು ಎನ್ನುವುದನ್ನು ರಾಚಯ್ಯನವರ ಖಾನಾವಳಿಯ ಹಿಂದಿನ ಪಡಸಾಲೆಯಲ್ಲಿ ನಿಂತಿರುವ ಪೆಟ್ಟಿಗೆಯ ಮೇಲೆ ಆಡಿ ತೀರ್ಮಾನಿಸಬೇಕು. ಆಡುವವರು ಹೆಂಗಸರು. ಮೊದಲು ಗಂಡಸರೇ ಆಡುತ್ತಿದ್ದರಂತೆ. ನಿನ್ನೆ ಅವನು ಅಷ್ಟು ಹೊಡೆದ, ಇವತ್ತು ನಾನು ಅದರ ಮೇಲೆ ಹೊಡೆಯುತ್ತೇನೆ ಎಂದು ಜಿದ್ದಿಗೆ ಬಿದ್ದು ಇರುಳನ್ನು ಎಳೆದೂ ಎಳೆದೂ, ಕಡೆಗೆ ಕೋಳಿಗಳು ಮೊಟ್ಟೆ ಇಡುವುದನ್ನೇ ಮರೆತವಂತೆ. ಆಗ ಊರಿನ ಮುದುಕಿಯರೆಲ್ಲ ಸೇರಿ ಗಂಡಸರು ಸಂಜೆಯ ಆಟಕ್ಕೆ ಕೈ ಹಾಕದಂತೆ ಮಾಡಿದರು. ಒಳ್ಳೆಯದೇ ಆಯಿತು ಅನ್ನಿ. ನಾನು ಬ್ರೆಡ್ಡು ಮಾಡಿ ಬದುಕುವವನು, ಹೆಸರು ಫಕ್ಕೀರಪ್ಪ. ಸಂಜೆ ನಾದಿಟ್ಟ ಹಿಟ್ಟು ಉಬ್ಬಬೇಕಾದರೆ ಹದವಾದ ಒಂದು ರಾತ್ರಿ ಬೇಕು. ಕಡಿಮೆಯಾದರೆ ಬ್ರೆಡ್ಡು ಇಟ್ಟಿಗೆಯಾಗುತ್ತದೆ, ಹೆಚ್ಚಾದರೆ ಹುಳಿಯಾಗುತ್ತದೆ. ಹಾಗಾಗಿ ಯಾರ ಪಾಳಿ ಯಾವತ್ತು, ಯಾರ ಕೈ ಹೇಗೆ ಎನ್ನುವುದು ನನಗೆ ತಿಳಿದಷ್ಟು ಈ ಊರಿನಲ್ಲಿ ಬೇರೆಯವರಿಗೆ ತಿಳಿಯದು.

ಪೆಟ್ಟಿಗೆ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ, ಗೊತ್ತಿದೆ ಎನ್ನುವವರನ್ನು ನಂಬಬೇಡಿ. ನಾಲ್ಕು ಕಾಲಿನ ಮರದ ಪೆಟ್ಟಿಗೆ, ಮೇಲೆ ಗಾಜು, ಗಾಜಿನ ಕೆಳಗೆ ಬಣ್ಣಬಣ್ಣದ ಇಳಿಜಾರು ಹಲಗೆ. ಕಾಸು ಹಾಕಿದರೆ ಒಳಗಿನ ದೀಪಗಳು ಹತ್ತಿಕೊಳ್ಳುತ್ತವೆ. ಸ್ಪ್ರಿಂಗಿನ ಗುಂಡಿಯನ್ನು ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲಕ್ಕೆ ಹಾರಿ, ಅಲ್ಲಿರುವ ಅಣಬೆಗಳಂಥವಕ್ಕೆ ಬಡಿದು ಗಂಟೆ ಬಾರಿಸುತ್ತ ಕೆಳಗೆ ಬರುತ್ತದೆ. ಪ್ರತಿ ಗಂಟೆಗೂ ಎದುರಿನ ಅಂಕಿಯ ಗಾಲಿಗಳು ಕಟಕಟ ಎಂದು ತಿರುಗುತ್ತವೆ. ಕೆಳಗೆ ಎರಡು ಪುಟ್ಟ ರೆಕ್ಕೆಗಳಿವೆ. ಪೆಟ್ಟಿಗೆಯ ಎರಡೂ ಮಗ್ಗುಲಿನ ಗುಂಡಿ ಒತ್ತಿ ಆ ರೆಕ್ಕೆಗಳಿಂದ ಗುಂಡನ್ನು ಮತ್ತೆ ಮೇಲಕ್ಕೆ ಹೊಡೆಯಬೇಕು. ತಪ್ಪಿ ರೆಕ್ಕೆಗಳ ನಡುವೆ ಜಾರಿ ಹೋಯಿತೋ, ಆಟ ಮುಗಿಯಿತು. ಒಂದು ಸಂಜೆಗೆ ಒಂದೇ ಗುಂಡು. ಅಂಕಿ ಹೆಚ್ಚಾದಷ್ಟು ಇರುಳು ಉದ್ದ.

ಪೆಟ್ಟಿಗೆಯ ತಲೆಯ ಮೇಲೆ ಒಂದು ನಿಂತ ಗಾಜು. ಅದರ ಮೇಲೆ ಯಾವುದೋ ದೊಡ್ಡ ಊರಿನ ರಾತ್ರಿಯ ಚಿತ್ರ. ಒಂದರ ಮೇಲೊಂದು ಮಾಳಿಗೆ, ಎಲ್ಲ ಕಿಟಕಿಗಳಲ್ಲೂ ದೀಪ, ಕೆಂಪು ಕಾರು, ತುತ್ತೂರಿ ಊದುವವರು, ಟೊಪ್ಪಿಗೆ ಹಾಕಿದ ಸಾಹೇಬ, ಕೈಯಲ್ಲಿ ಗಾಜಿನ ಬಟ್ಟಲು ಹಿಡಿದು ಕುಣಿಯುವ ಒಬ್ಬ ಹೆಂಗಸು. ಅವರಲ್ಲಿ ಯಾರೂ ಮಲಗುವ ಪೈಕಿ ಅಲ್ಲ. ನಾವೋ, ಅವರು ಅಳೆದು ಕೊಟ್ಟ ಇರುಳಿನಲ್ಲಿ ಉಂಡು ಮಲಗುವ ಜನ. ಆ ಕುಣಿಯುವ ಹೆಂಗಸಿಗೆ ಊರಿನವರು ಮಿಂಚವ್ವ ಎಂದು ಹೆಸರಿಟ್ಟಿದ್ದಾರೆ, ಶುಕ್ರವಾರ ಹೂವೂ ಏರಿಸುತ್ತಾರೆ. ಅವಳ ಲಂಗ ಮೊಣಕಾಲಿನ ಮೇಲಕ್ಕೇ ನಿಂತುಬಿಟ್ಟಿದ್ದರಿಂದ ರಾಚಯ್ಯನವರ ಅವ್ವ ತಮ್ಮ ಹಳೆಯ ಇಳಕಲ್ ಸೀರೆಯ ಅಂಚು ಕತ್ತರಿಸಿ ಗಾಜಿಗೆ ಅಂಟಿಸಿ ಅವಳ ಮಾನ ಮುಚ್ಚಿದ್ದರು. ನಮ್ಮ ಕಾಲದವರು ಯಾರೂ ಮಿಂಚವ್ವನ ಮೊಣಕಾಲು ಕಂಡಿಲ್ಲ.

ಆಡುವುದಕ್ಕೆ ಇರುವುದು ಒಂದೇ ಕಾಸು, ನಡುವೆ ತೂತಿರುವ ಹಳೆಯ ತಾಮ್ರದ ಕಾಸು. ಬೆಳಿಗ್ಗೆ ರಾಚಯ್ಯನವರು ಅದನ್ನು ಪೆಟ್ಟಿಗೆಯಿಂದ ತೆಗೆದು ಅರಿಶಿನ ಹಚ್ಚಿ ಸಾಲಿನಲ್ಲಿ ಮುಂದಿನ ಮನೆಗೆ ಕಳಿಸುತ್ತಾರೆ. ಯಾರ ಮನೆಗೆ ಹೋಯಿತೋ ಆ ಮನೆಯೊಡತಿ ಅವತ್ತು ಸಂಜೆ ಆಡಬೇಕು. ಬೇರೆಯವರಿಗೆ ಪಾಳಿ ಕೊಡುವಂತಿಲ್ಲ. ಬೇಕಂತಲೇ ಸೋಲುವಂತೆಯೂ ಇಲ್ಲ. ಇಲ್ಲ ಎಂದರೆ ಯಾರೋ ಬೈಯುತ್ತಾರೆ ಎಂದಲ್ಲ, ಪೆಟ್ಟಿಗೆಯೇ ಬಿಡುವುದಿಲ್ಲ. ಸೋಲಲಿ ಎಂದು ಆಡಿದವರ ಗುಂಡು ಕೆಳಗೇ ಇಳಿಯುವುದಿಲ್ಲ. ಕಂಬಳಿ ನಿಂಗಜ್ಜನ ಸೊಸೆ ಒಮ್ಮೆ, ಮನೆಗೆ ಬಂದು ಬಿಡಾರ ಹೂಡಿದ್ದ ನಾದಿನಿಯರು ಬೇಗ ಬೆಳಕಾಗಿ ತೊಲಗಲಿ ಎಂದು ಕೈ ಸಡಿಲ ಬಿಟ್ಟು ಆಡಿದಳು. ಗುಂಡು ಅಣಬೆಗಳ ನಡುವೆ ಕುಣಿದದ್ದೇ ಕುಣಿದದ್ದು. ನಾದಿನಿಯರು ಕತ್ತಲೆಯಲ್ಲೇ ಎರಡು ಸಲ ಉಪ್ಪಿಟ್ಟು ತಿಂದರಂತೆ, ಆದರೂ ಬೆಳಗಾಗಿರಲಿಲ್ಲವಂತೆ.

ಇನ್ನೊಂದು ಮಾತು. ಪೆಟ್ಟಿಗೆಯನ್ನು ಹಿಡಿದು ಅಲುಗಿಸಬಾರದು. ಮೆಲ್ಲಗೆ ಒರಗಿದರೆ ಸುಮ್ಮನಿರುತ್ತದೆ, ಜೋರಾಗಿ ಅಲುಗಿಸಿದರೆ ಮಿಂಚವ್ವನ ಪಕ್ಕದಲ್ಲಿ ಕೆಂಪು ದೀಪವೊಂದು ಹತ್ತಿ ಉಳಿದೆಲ್ಲ ದೀಪ ಆರಿಹೋಗುತ್ತವೆ. ಅದಕ್ಕೆ ಟಿಲ್ಟ್ ಆಯಿತು ಅನ್ನುತ್ತಾರೆ. ಹಾಗೆ ಮಾಡಿದವರ ಮನೆಗೆ ಕಾಸು ಮತ್ತೆ ಎಂದೂ ಬರುವುದಿಲ್ಲ. ನೇಕಾರರ ಓಣಿಯ ಕಡೆಯ ಮನೆಗೆ ನನ್ನ ಅಜ್ಜನ ಕಾಲದಿಂದ ಕಾಸು ಹೋಗಿಲ್ಲ. ಟಿಲ್ಟ್ ಆದ ಆ ಸಂಜೆ ಎಂಥ ಇರುಳು ಬಂತು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಂಕಿ ಎಲ್ಲಿಗೆ ನಿಂತಿತ್ತೋ ಅಲ್ಲಿಗೇ ಬೆಳಗಾಯಿತು ಎನ್ನುವವರಿದ್ದಾರೆ, ಬೆಳಕು ದಾರಿ ತಪ್ಪಿ ಬಹಳ ಹೊತ್ತು ಬರಲೇ ಇಲ್ಲ ಎನ್ನುವವರೂ ಇದ್ದಾರೆ.

ಈಗ ನನ್ನ ಹೆಂಡತಿ ದಾನವ್ವನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇದು ಅವಳ ಕಥೆ. ಊರಿನಲ್ಲಿ ಅವಳಷ್ಟು ಕೆಟ್ಟದಾಗಿ ಆಡುವವರು ಹುಟ್ಟಿರಲಿಲ್ಲ. ಬೇಕಂತ ಅಲ್ಲ, ಪಾಪ. ಮನಸಾರೆ ಆಡುತ್ತಿದ್ದಳು, ಮನಸಾರೆ ಸೋಲುತ್ತಿದ್ದಳು. ಗುಂಡು ರೆಕ್ಕೆಯ ಹತ್ತಿರ ಬಂತೆಂದರೆ ಕಣ್ಣು ಮುಚ್ಚಿಕೊಂಡು "ಯವ್ವಾ, ಬಂತು" ಎನ್ನುವಳು, ಅಷ್ಟರಲ್ಲಿ ಅದು ಹೋಗಿಯೂ ಆಗಿರುತ್ತಿತ್ತು. ಕೇಳಿದರೆ ಪೆಟ್ಟಿಗೆಯದೇ ತಪ್ಪು ಎಂದು ವಾದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಅಣಕಿಸಿದರೆ, "ಅದರ ನೆಲ ಖರೇನ ಡೊಂಕ ಐತಲ್ರಿ, ಇಲ್ಲಾಂದ್ರ ಗುಂಡ ಹ್ಯಾಂಗ ಉರುಳ್ತಿತ್ತು?" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಅವಳ ಪಾಳಿಯ ರಾತ್ರಿ ಚಾದರ ಹೊದ್ದು ಮಗ್ಗುಲು ಬದಲಿಸುವುದರೊಳಗೆ ಕೋಳಿ ಕೂಗುತ್ತಿತ್ತು. ಮರುದಿನ ಊರಿಗೆ ಊರೇ ಆಕಳಿಸುತ್ತಿತ್ತು. ನನ್ನ ಬ್ರೆಡ್ಡನ್ನು ಚಹಾದಲ್ಲಿ ಅದ್ದಿದರೆ ಚಹಾ ಮುಗಿಯುತ್ತಿತ್ತೇ ಹೊರತು ಬ್ರೆಡ್ಡು ಮೆತ್ತಗಾಗುತ್ತಿರಲಿಲ್ಲ. ಊರಿನ ಬಾಯಿಗೆ ಬೀಗ ಹಾಕುವವರು ಯಾರು? ಸಣ್ಣ ರೊಟ್ಟಿ ಕಂಡರೆ "ದಾನವ್ವನ ಇರುಳಿನಷ್ಟು ಐತಿ" ಎನ್ನುವುದು ಅಡುಗೆಮನೆಯ ಮಾತೇ ಆಗಿಹೋಯಿತು.

ಇಷ್ಟು ವರ್ಷ ಅವಳೂ ಅದನ್ನು ನಕ್ಕು ಸಹಿಸಿದ್ದಳು. ಆದರೆ ಇತ್ತೀಚೆಗೆ ಒಂದು ಮದುವೆಯಲ್ಲಿ, ಬೀಗರ ಕಡೆಯ ಹೆಂಗಸೊಬ್ಬಳು, ದಾನವ್ವ ಇಲ್ಲೇ ಕೂತಿದ್ದಾಳೆ ಎಂದು ತಿಳಿಯದೆ, "ಸೀರಿ ಉಡಗೊರಿ ನೋಡವ್ವ, ದಾನವ್ವನ ಇರುಳ ಇದ್ದಂಗ ಮೊಣಕಾಲಿಗೇ ಮುಗೀತೈತಿ" ಎಂದಳು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ದಾನವ್ವ ಎಲೆ ಬಿಟ್ಟು ಎದ್ದಳು. ಮನೆಗೆ ಬಂದವಳು ನೆಲಕ್ಕೆ ಕೂತು, "ಇಲ್ಲಾ ಆ ಪೆಟ್ಟಿಗಿ ಇರ್ಬೇಕು, ಇಲ್ಲಾ ನಾ ಇರ್ಬೇಕು. ಒಂದ ಕೈ ನೋಡೇ ಬಿಡ್ತೀನಿ" ಎಂದಳು. ನನಗೆ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಬ್ರೆಡ್ಡಿನವನ ಹೆಂಡತಿಗೆ ಈಗಲಾದರೂ ಬುದ್ಧಿ ಬಂತಲ್ಲ ಎಂದುಕೊಂಡೆ.

ಹಗಲು ಆಡಿದರೆ ಲೆಕ್ಕಕ್ಕಿಲ್ಲ. ಮಧ್ಯಾಹ್ನದ ಊಟ ಮುಗಿದು ಖಾನಾವಳಿಯ ಬಾಗಿಲು ಎಳೆದ ಮೇಲೆ ರಾಚಯ್ಯನವರು ಪೆಟ್ಟಿಗೆಯ ಹೊಟ್ಟೆಯೊಳಗೆ ಕೈ ಹಾಕಿ ಏನೋ ಒತ್ತಿ ಅವಳಿಗೆ ಗುಂಡು ಬಿಟ್ಟು ಕೊಡುತ್ತಿದ್ದರು. ಯಾರಿಗೂ ಹೇಳಬೇಡಿ ಎಂದು ದಾನವ್ವ ಅವರಿಂದ ವಿಭೂತಿ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದಳು. ಮೊದಲೆಲ್ಲ ಅದೇ ಕಥೆ, ಕಣ್ಣು ಮುಚ್ಚುವುದು, ಯವ್ವಾ ಎನ್ನುವುದು. ನಾನು ಪಕ್ಕದಲ್ಲಿ ನಿಂತು ಹೀಗೆ ಹೊಡಿ, ಹಾಗೆ ಹೊಡಿ ಎನ್ನುವುದು, ಅವಳು ನೀವೇ ಹೊಡೀರಿ ಎನ್ನುವುದು. ಒಂದು ದಿನ ನಾನು ಇರಲಿಲ್ಲ. ಅವತ್ತು ಅವಳಿಗೆ ತಾನೇ ಹೊಳೆಯಿತಂತೆ. "ರೊಟ್ಟಿ ಬಡಿಯೂ ಹಂಗ ಐತ್ರಿ ಇದು. ಕಣ್ಣಿಂದ ನೋಡಬಾರ್ದು, ಕೈಯಿಂದ ಕೇಳಬೇಕು" ಎಂದು ಬಂದು ಹೇಳಿದಳು. ಅವತ್ತಿನಿಂದ ಗುಂಡು ಅವಳ ರೆಕ್ಕೆಯ ಮೇಲೆ ಬಂದು ಕೂತು, ಅವಳು ಕಳಿಸಿದಾಗ ಹೋಗಿ, ಕರೆದಾಗ ಬರುತ್ತಿತ್ತು. ರಾಚಯ್ಯನವರು ಊಟದ ಲೋಟ ತೊಳೆಯುವುದನ್ನು ಬಿಟ್ಟು ಬಾಯಿ ತೆರೆದು ನಿಂತಿರುತ್ತಿದ್ದರು. ನಾನು ಅವಳ ಪಾಳಿಯ ದಿನಕ್ಕೆ ಕಾಯತೊಡಗಿದೆ. ಅವತ್ತು ನನ್ನ ಹಿಟ್ಟು ಹೇಗೆ ಉಬ್ಬಬೇಕು, ಆ ಬೀಗರ ಹೆಂಗಸಿಗೆ ಯಾವ ಬ್ರೆಡ್ಡು ಕಳಿಸಬೇಕು ಎಂದೆಲ್ಲ ಲೆಕ್ಕ ಹಾಕಿಟ್ಟಿದ್ದೆ.

ಅಷ್ಟರಲ್ಲಿ ನಮ್ಮ ಮಗಳು ಕಸ್ತೂರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅಳಿಯನಿಗೆ ಹತ್ತಿ ಗಿರಣಿಯಲ್ಲಿ ರಜೆ ಇಲ್ಲ. ಕಸ್ತೂರಿ ಅವ್ವನ ಹಾಗೆ ತೆಳ್ಳಗೆ, ನನ್ನ ಹಾಗೆ ಬಾಯಿ ಜೋರು. ಇಡೀ ದಿನ ಹೊಟ್ಟೆಯ ಮೇಲೆ ತಾಟು ಇಟ್ಟುಕೊಂಡು ತಿನ್ನುತ್ತ, "ಯಪ್ಪಾ, ನಿನ್ನ ಬ್ರೆಡ್ಡ ತಿಂದ್ರ ನನ್ನ ಕೂಸಿಗಿ ಹುಟ್ಟತ್ಲೇ ಹಲ್ಲ ಬರ್ತಾವ ನೋಡು" ಎಂದು ನನ್ನನ್ನು ಕಾಡುತ್ತಿದ್ದಳು.

ಕಾಸು ನಮ್ಮ ಮನೆಗೆ ಬಂದ ದಿನವೇ ಮಧ್ಯಾಹ್ನ ಅವಳಿಗೆ ಬ್ಯಾನಿ ಶುರುವಾಯಿತು. ಸೂಲಗಿತ್ತಿ ಹುಸೇನಬಿ ಬಂದಳು. ಹೊಳೆಯ ನಮ್ಮ ಕಡೆಯ ದಂಡೆಯಲ್ಲಿ ಹುಟ್ಟಿದವರನ್ನೆಲ್ಲ ಮೊದಲು ಹಿಡಿದದ್ದು ಆಕೆಯ ಕೈ, ಕಸ್ತೂರಿಯನ್ನೂ ಅದೇ ಕೈ ಹಿಡಿದಿತ್ತು. "ಇನ್ನೂ ಹೊತ್ತೈತಿ, ಚೊಚ್ಚಲ ಅಲ್ಲೇನ" ಎಂದು ಎಲೆ ಅಡಿಕೆ ಹಾಕಿಕೊಂಡು ಕೂತಳು. ಸೂರ್ಯ ಮುಳುಗುವ ಹೊತ್ತಿಗೆ ಮತ್ತೊಮ್ಮೆ ಹೊಟ್ಟೆ ಮುಟ್ಟಿ ನೋಡಿದವಳು ಎಲೆ ಉಗುಳಿ, ನನ್ನನ್ನು ಹೊರಗೆ ಕರೆದಳು. "ಫಕ್ಕೀರಪ್ಪಣ್ಣ, ಕೂಸು ಅಡ್ಡ ತಿರುಗೈತಿ. ನನ್ನ ಕೈಲೆ ಆಗೂದಲ್ಲ ಇದು. ಹೊಳಿ ದಾಟಿಸಿ ದವಾಖಾನಿಗೆ ಹಾಕ್ರಿ. ಹೊತ್ತ ಮಾಡಿದ್ರ ತಾಯೀನೂ ಉಳಿಯೂದಿಲ್ಲ, ಕೂಸೂ ಉಳಿಯೂದಿಲ್ಲ."

ನಮ್ಮೂರು ಹೊಳೆಯ ಎರಡೂ ದಂಡೆಗೆ ಹರಡಿದೆ, ದವಾಖಾನೆ ಆಚೆ ದಂಡೆಗೆ. ಸೇತುವೆ ಇಲ್ಲ. ದೋಣಿ ಹಾಕುವವನು ಅಂಬಿಗರ ಸಣ್ಣೆಪ್ಪ. ನಾನು ಅವನ ಮನೆಗೆ ಓಡುವಷ್ಟರಲ್ಲಿ, ಪಡುವಣದಲ್ಲಿ ಕೆಂಪು ಉಳಿದಿದ್ದರೂ, ಹೊಳೆಯ ಮೇಲೆ ಕತ್ತಲೆ ಇಳಿದಾಗಿತ್ತು. ನೀರಿನಡಿ ಪೂರ್ತಿ ಬಂಡೆ, ಹಗಲಿನಲ್ಲೇ ಜೀವ ಕೈಯಲ್ಲಿ ಹಿಡಿದು ದಾಟುವ ಹೊಳೆ ಅದು. ಸಣ್ಣೆಪ್ಪನ ಅಣ್ಣ ಕತ್ತಲೆಯಲ್ಲಿ ದಾಟಲು ಹೋಗಿಯೇ ತೀರಿಕೊಂಡದ್ದು. "ನಿನ್ನ ಕಾಲ ಹಿಡೀತೀನಿ ಸಣ್ಣೆಪ್ಪ" ಎಂದೆ. ಅವನು ನನ್ನ ಕೈ ಹಿಡಿದುಕೊಂಡ. "ಕಾಕಾ, ದೋಣಿ ಒಡದ್ರ ಕಸ್ತೂರಿನೂ ನೀರಪಾಲು. ಒಂದ ಗೆರಿ ಬೆಳಕ ಬೀಳ್ಲಿ, ಹುಟ್ಟ ಹಿಡಕೊಂಡ ಕುಂತಿರ್ತೀನಿ, ಹಾರಿಸಿಕೊಂಡ ಹೊಕ್ಕೀನಿ" ಎಂದ.

ಅಂದರೆ ಬೆಳಗಾಗಬೇಕು. ಮನೆಗೆ ಮರಳಿ ಬಂದು ಹುಸೇನಬಿಗೆ ಹೇಳಿದೆ. ಅವಳ ಮುಖ ಒಮ್ಮೆಲೇ ಅರಳಿತು. "ಇವತ್ತ ದಾನವ್ವನ ಪಾಳಿ ಅಲ್ಲೇನ? ಅಲ್ಲಾ ದೊಡ್ಡಾವ. ಇಕಿ ಇರುಳಂದ್ರ ಒಲಿ ಆರೂದ್ರಾಗ ಬೆಳಕಾಗ್ತೈತಿ. ಅಷ್ಟೊತ್ತ ನಾ ಹುಡುಗೀನ ತಡೀತೀನಿ. ಹೋಗ ಬೇ, ಲಗೂನ ಹೋಗು, ನಿನ್ನ ಆಟ ಆಡಿ ಬಾ." ಓಣಿಯ ಹೆಂಗಸರೂ ಅದನ್ನೇ ಅಂದರು. ಒಬ್ಬಳಂತೂ ದಾನವ್ವನ ಎರಡೂ ಕೈ ಹಿಡಿದು, "ನಿನ್ನ ಆಟಕ್ಕ ನಕ್ಕಿದ್ದೆ ನಮ್ಮವ್ವ, ಇವತ್ತ ಅದಾ ಆಟ ಆಡು, ಕೈ ಮುಗೀತೀನಿ" ಎಂದಳು. ನಾನು ದಾನವ್ವನ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಅವಳು ಕಲಿತದ್ದು ನಮ್ಮಿಬ್ಬರನ್ನೂ ರಾಚಯ್ಯನವರನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಖಾನಾವಳಿಗೆ ನಡೆದು ಹೋಗುವಾಗ ನಾನು ಮೆಲ್ಲಗೆ ಕೇಳಿದೆ. "ದಾನೀ, ಮೊದಲಿನಂಗ ಆಡಾಕ ಬರಾಂಗಿಲ್ಲೇನು?" ಅವಳು ಸೆರಗಿನಲ್ಲಿ ಕಾಸು ಬಿಗಿಯಾಗಿ ಹಿಡಿದುಕೊಂಡಿದ್ದಳು. "ಕಲಿಯೂದಂದ್ರ ಕಲತೆ. ಕಲತದ್ದನ್ನ ಹ್ಯಾಂಗ ಮರೀಲ್ರಿ?" ಎಂದಳು. ದಾರಿಯುದ್ದಕ್ಕೂ ಜನ ಬಾಗಿಲಿಗೆ ಬಂದು, ಭಯ ಬ್ಯಾಡವ್ವ, ನೀ ಇದ್ದೀಯಲ್ಲ ಎಂದು ಧೈರ್ಯ ಹೇಳುತ್ತಿದ್ದರು.

ರಾಚಯ್ಯನವರಿಗೆ ವಿಷಯ ಮುಟ್ಟಿತ್ತು. ಅವರು ಪೆಟ್ಟಿಗೆಯ ಗಾಜು ಒರೆಸುತ್ತ ನಿಂತಿದ್ದರು, ನಮ್ಮತ್ತ ನೋಡಲಿಲ್ಲ. ಪಡಸಾಲೆ ತುಂಬ ಜನ. ದಾನವ್ವ ಮಿಂಚವ್ವನಿಗೆ ಕೈ ಮುಗಿದು ಕಾಸು ಹಾಕಿದಳು. ದೀಪಗಳು ಹತ್ತಿದವು, ಮಾಳಿಗೆಗಳ ಕಿಟಕಿಗಳೆಲ್ಲ ಬೆಳಗಿದವು. ಸ್ಪ್ರಿಂಗು ಎಳೆದು ಬಿಟ್ಟಳು.

ಮೊದಲು ಅವಳು ಹಳೆಯ ದಾನವ್ವನಾಗಲು ನಿಜವಾಗಿಯೂ ನೋಡಿದಳು. ಗುಂಡು ಕೆಳಗೆ ಬರುತ್ತಲೇ ಕಣ್ಣು ಗಟ್ಟಿಯಾಗಿ ಮುಚ್ಚಿದಳು, "ಯವ್ವಾ, ಬಂತು" ಎಂದೂ ಅಂದಳು. ಆದರೆ ಕೈಗೆ ಕಣ್ಣು ಬೇಕಿರಲಿಲ್ಲ. ಬಲಗೈ ತಾನಾಗಿ ಒತ್ತಿತು, ಗುಂಡು ಓಣಿಯಲ್ಲಿ ಓಡುವ ಕರುವಿನ ಹಾಗೆ ಮೇಲಕ್ಕೆ ಹಾರಿ ಮೂರೂ ಅಣಬೆಗಳಿಗೆ ಬಡಿದು ಗಂಟೆ ಬಾರಿಸಿತು. ಅಂಕಿಯ ಗಾಲಿಗಳು ತಿರುಗಿದವು. ಗುಂಡು ಮತ್ತೆ ಬಂತು, ಎಡಗೈ ಅದನ್ನು ರೆಕ್ಕೆಯ ಮೇಲೆ ಹಿಡಿದು ಕೂರಿಸಿ, ಹದ ನೋಡಿ ಕಳಿಸಿತು. ಅದು ಹಲಗೆಯ ಮೇಲ್ತುದಿಯಲ್ಲಿ, ಮಿಂಚವ್ವನ ಬಟ್ಟಲಿನ ನೇರ ಕೆಳಗಿರುವ ಸಂದಿಗೇ ಹೋಗಿ ದೊಡ್ಡ ಗಂಟೆ ಹೊಡೆಯಿತು. ಅಲ್ಲಿಗೆ ಗುಂಡು ಕಳಿಸಿದವರನ್ನು ಆ ಪಡಸಾಲೆ ಕಂಡಿರಲಿಲ್ಲ. ಹಿಂದಿನಿಂದ ಯಾರೋ "ಅಬ್ಬಬ್ಬಾ" ಎಂದರು. ಬೇರೆ ದಿನವಾಗಿದ್ದರೆ ಆ ಒಂದು ಶಬ್ದಕ್ಕೆ ನಾನು ಇಡೀ ಓಣಿಗೆ ಬ್ರೆಡ್ಡು ಹಂಚುತ್ತಿದ್ದೆ. ಅವತ್ತು ಒಂದೊಂದು ಗಂಟೆಯೂ ನನ್ನ ಎದೆಗೆ ಒದ್ದಂತಿತ್ತು. ಅಷ್ಟು ಕತ್ತಲೆ ಹೆಚ್ಚಿತು, ಅಷ್ಟು ಕತ್ತಲೆ ಕಸ್ತೂರಿಯ ಮೇಲೆ ಬಿತ್ತು ಎಂದೇ ಕೇಳುತ್ತಿತ್ತು.

"ಇಕಿ ಯಾವಾಗ ಕಲತ್ಳು?" ಎಂದು ಒಬ್ಬಳು ಕೇಳಿದಳು. ಇವತ್ತಿನ ಇರುಳು ಸಣ್ಣದಾಗುವುದಲ್ಲ ಎಂದು ಈಗ ಎಲ್ಲರಿಗೂ ತಿಳಿಯಿತು. ಹೊತ್ತು ಹೋಗುತ್ತ ದಾನವ್ವನ ಬಾಯಿಂದ "ಹೋಗು, ಬೀಳು, ಹೋಗ ನಮ್ಮಪ್ಪಾ" ಎಂದು ಶುರುವಾಯಿತು. ಬೀಳಲಿ ಎಂದು ಅವಳು ಬಯಸಿದ್ದೇ ತಡ, ಗುಂಡು ಮೇಲಿನ ಅಣಬೆಗಳ ನಡುವೆ ಸಿಕ್ಕಿಕೊಂಡು ಅತ್ತಿಂದಿತ್ತ ಬಡಿದಾಡತೊಡಗಿತು. ಕೆಳಗೆ ಬರುವ ಲಕ್ಷಣವೇ ಇಲ್ಲ. ಗಾಲಿಗಳು ನಿಲ್ಲದೆ ತಿರುಗಿದವು. ಚೆನ್ನಾಗಿ ಆಡಿದರೂ ಇರುಳು ಬೆಳೆಯುತ್ತದೆ, ಸೋಲಲು ಹೋದರೂ ಬೆಳೆಯುತ್ತದೆ. ಅತ್ತ ದರಿ, ಇತ್ತ ಪುಲಿ ಎನ್ನುವುದನ್ನು ಬಾಯಿಮಾತಿಗೆ ಹೇಳುತ್ತ ಬಂದಿದ್ದೆ, ಅದರ ಅರ್ಥ ಅವತ್ತು ತಿಳಿಯಿತು.

ನನಗೆ ತಡೆಯಲಾಗಲಿಲ್ಲ. ಆಟ ನಡೆಯುವಾಗ ಗಂಡಸರು ಮುಟ್ಟಬಾರದು ಎನ್ನುವುದು ನೆನಪಿತ್ತು, ನೆನಪಿದ್ದೇ ಮುಂದೆ ಹೋದೆ. ಒಂದು ಸಲ ಹೆಗಲು ಕೊಟ್ಟು ಅಲುಗಿಸಿಬಿಟ್ಟರೆ ಮುಗಿಯಿತು. ದಾನವ್ವ ಮೊಣಕೈಯಿಂದ ನನ್ನ ಎದೆಗೆ ತಿವಿದು ಹಿಂದಕ್ಕೆ ಸರಿಸಿದಳು. "ದೂರ ನಿಂದರ್ರಿ. ಕಾಸು ಬಂದದ್ದು ನನ್ನ ಕೈಗೆ" ಎಂದಳು. ಆಮೇಲೆ ರಾಚಯ್ಯನವರತ್ತ ತಿರುಗಿ, "ಅಜ್ಜಾರ, ಹಿಂದಕ ಟಿಲ್ಟ್ ಆದಾಗ ಬೆಳಕ ಲಗೂನ ಬಂತೋ, ತಡದ ಬಂತೋ?" ಎಂದು ಕೇಳಿದಳು.

"ನನಗ ಗೊತ್ತಿಲ್ಲ ತಂಗಿ" ಎಂದರು ಅವರು. "ಗೊತ್ತೈತಿ ಅಂದ್ರ ಸುಳ್ಳಾಗ್ತೈತಿ."

ಅವಳು ಒಂದು ಕ್ಷಣ ಗಾಜಿನೊಳಗೆ ನೋಡಿದಳು. ಗುಂಡು ಇನ್ನೂ ಕುಣಿಯುತ್ತಿತ್ತು, ದೀಪಗಳ ಕೆಂಪು ಹಸಿರು ಬೆಳಕು ಅವಳ ಮುಖದ ಮೇಲೆ ಬೀಳುತ್ತಿತ್ತು. ಎಷ್ಟೋ ಮಧ್ಯಾಹ್ನ ಅವಳು ಆ ಪೆಟ್ಟಿಗೆಯ ಮುಂದೆ ನಿಂತು ನಕ್ಕದ್ದನ್ನು ನಾನು ಕಂಡಿದ್ದೆ. ಮನೆಯಲ್ಲಿ ಅವಳು ಹಾಗೆ ನಕ್ಕದ್ದು ಕಡಿಮೆ. "ತಪ್ಪ ತಿಳೀಬ್ಯಾಡ್ರಿ" ಎಂದಳು, ರಾಚಯ್ಯನವರಿಗೋ ಪೆಟ್ಟಿಗೆಗೋ ಗೊತ್ತಿಲ್ಲ. ಎರಡೂ ತೋಳಿನಿಂದ ಪೆಟ್ಟಿಗೆಯನ್ನು ಹಿಟ್ಟಿನ ಚೀಲ ಎತ್ತುವಂತೆ ತಬ್ಬಿ ಹಿಡಿದು ಎತ್ತಿ ಕುಕ್ಕಿದಳು.

ಕೆಂಪು ದೀಪ ಹತ್ತಿತು. ಉಳಿದೆಲ್ಲ ಆರಿತು. ಗುಂಡು ಸದ್ದಿಲ್ಲದೆ ಉರುಳಿ ಸತ್ತ ರೆಕ್ಕೆಗಳ ನಡುವೆ ಇಳಿದು ಹೋಯಿತು.

ಎಲ್ಲರೂ ಬೀದಿಗೆ ಬಂದೆವು. ಪಡುವಣದಲ್ಲಿ ಸಂಜೆಯ ಕೆಂಪು ಇನ್ನೂ ಒಂದು ಚೂರು ಉಳಿದಿತ್ತು, ನೋಡುತ್ತಿದ್ದಂತೆ ಅದೂ ಆರಿತು. ಕಗ್ಗತ್ತಲೆ. ನಮ್ಮ ಮನೆಯ ಕಡೆಯಿಂದ ಕಸ್ತೂರಿ ಕೂಗುವುದು ಕೇಳುತ್ತಿತ್ತು, ಜೊತೆಗೆ ಹುಸೇನಬಿ ಅವಳಿಗೆ ಏನೋ ಹೇಳುವುದು. ದಾನವ್ವ ನನ್ನ ಅಂಗಿಯ ತೋಳು ಹಿಡಿದು ಮೂಡಣದತ್ತ ಮುಖ ಮಾಡಿ ನಿಂತಿದ್ದಳು. ಎಷ್ಟು ಹೊತ್ತು ಹಾಗೆ ನಿಂತೆವೋ ನನಗೆ ಹೇಳಲಾಗದು, ನನ್ನ ಜೀವಮಾನದ ಎಲ್ಲ ಇರುಳುಗಳಿಗಿಂತ ಅದು ಉದ್ದ ಎಂದು ನನಗೆ ಅನ್ನಿಸಿತು. ಆಮೇಲೆ ಸಣ್ಣೆಪ್ಪನ ಮನೆಯ ಹುಂಜ, ಅನುಮಾನದಿಂದಲೇ ಎಂಬಂತೆ, ಅರ್ಧ ಕೂಗಿ ನಿಲ್ಲಿಸಿತು. ಹಿಂದೆಯೇ ಊರಿನ ಹುಂಜಗಳೆಲ್ಲ ಕೂಗಿದವು. ಹೊಳೆಯ ಮೇಲೆ ಬಿಳಿ ಗೆರೆ ಬಿತ್ತು. ಒಲೆಯ ಮೇಲೆ ಸಂಜೆ ಇಟ್ಟಿದ್ದ ಅನ್ನ ಇನ್ನೂ ಬಿಸಿಯಾಗಿಯೇ ಇತ್ತು ಎಂದು ಆಮೇಲೆ ಹೆಂಗಸರು ಹೇಳಿದರು.

ಊರಿನವರಿಗೆ ಅವತ್ತು ಕಣ್ಣು ಮುಚ್ಚಲೂ ಇರುಳು ಸಿಗಲಿಲ್ಲ. ಮಗ್ಗದವರು, ಗಿರಣಿಯವರು, ದಿನವಿಡೀ ಕಲ್ಲು ಒಡೆದು ಬಂದವರು, ಎಲ್ಲರೂ ದಣಿದ ಮೈಯಲ್ಲೇ ಮತ್ತೊಂದು ಹಗಲು ಮಾಡಬೇಕಾಗಿತ್ತು. ಆದರೂ ಯಾರೂ ಗೊಣಗಲಿಲ್ಲ. ಕಸ್ತೂರಿಯನ್ನು ಹೊರಸಿನ ಮೇಲೆ ಮಲಗಿಸಿದಾಗ ಹೊರುವುದಕ್ಕೆ ನನಗೆ ಜಾಗವೇ ಸಿಗಲಿಲ್ಲ, ಅಷ್ಟು ಹೆಗಲುಗಳು ಬಂದಿದ್ದವು. ಸಣ್ಣೆಪ್ಪ ಹೇಳಿದಂತೆ ಹುಟ್ಟು ಹಿಡಿದು ಕೂತೇ ಇದ್ದ. ಬಂಡೆಗಳ ನಡುವೆ ದೋಣಿಯನ್ನು ಹೇಗೆ ತಿರುಗಿಸಿದನೋ, ನಾನು ಕಣ್ಣು ಮುಚ್ಚಿಕೊಂಡಿದ್ದೆ. ದಾನವ್ವ ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು "ಬಂತವ್ವ, ದಂಡಿ ಬಂತು" ಎನ್ನುತ್ತಲೇ ಇದ್ದಳು.

ದವಾಖಾನೆಯಲ್ಲಿ ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಬಿಸಿಲು ಏರಿದ ಮೇಲೆ ಡಾಕ್ಟರಮ್ಮ ಹೊರಗೆ ಬಂದು, "ಹೆಣ್ಣು ಮಗು. ಇಬ್ಬರೂ ಆರಾಮ ಅದಾರ. ಇನ್ನೊಂದು ಸ್ವಲ್ಪ ತಡವಾಗಿದ್ದರೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಮಗಳು ಎಚ್ಚರಾಗಲಿ, ಆಮೇಲೆ ಕರೀತೀನಿ" ಎಂದರು. ನಾನು ಅಲ್ಲೇ ನೆಲಕ್ಕೆ ಕುಸಿದು ಕೂತು ಅತ್ತೆ. ನಾಚಿಕೆ ಏನು ಬಂತು, ಗಂಡಸಿಗೂ ಮಗಳು ಮಗಳೇ. ದಾನವ್ವ ಅಳಲಿಲ್ಲ. ನನ್ನ ಬೆನ್ನು ಸವರಿ ಎಬ್ಬಿಸಿ ಬೆಂಚಿನ ಮೇಲೆ ಕೂರಿಸಿದಳು.

ಮುಂದಿನ ದೋಣಿಗೆ ರಾಚಯ್ಯನವರು ಬುತ್ತಿ ಕಟ್ಟಿಸಿಕೊಂಡು ಬಂದರು. ರೊಟ್ಟಿ, ಬದನೆಕಾಯಿ ಪಲ್ಯ, ಬಾಣಂತಿಗೆ ಬೇರೆ ಡಬ್ಬಿಯಲ್ಲಿ ಬಿಸಿ ಗಂಜಿ. ಸುದ್ದಿ ಕೇಳಿ ಕಣ್ಣು ಮುಚ್ಚಿ ಹಣೆಗೆ ಕೈ ಮುಟ್ಟಿಸಿಕೊಂಡರು. ಹೊರಡುವಾಗ ಎಷ್ಟೋ ಹೊತ್ತು ಟವಲು ಕೊಡವುತ್ತ ನಿಂತು, "ತಂಗಿ, ಕಾಸು ಮುಂದಿನ ಮನಿಗೆ ಕಳಿಸೀನಿ. ಇನ್ನ ನಿಮ್ಮ ಮನಿಗೆ..." ಎಂದರು.

"ಬರಾಂಗಿಲ್ಲ. ಗೊತ್ತೈತ್ರಿ ಅಜ್ಜಾರ" ಎಂದಳು ದಾನವ್ವ. "ನಿಮ್ಮ ಡಬ್ಬಿ ತೊಳದ ಕಳಿಸ್ತೀನಿ."

ಅವರು ಮೆಟ್ಟಿಲು ಇಳಿದು ಹೋಗುವವರೆಗೂ ನೆಟ್ಟಗೆ ಕೂತಿದ್ದವಳು ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಅವಳು ಹಾಗೆ ಅತ್ತದ್ದನ್ನು ನಾನು ಅವಳ ಅವ್ವ ತೀರಿಕೊಂಡಾಗಲೂ ಕಂಡಿರಲಿಲ್ಲ. ನನಗೆ ಗಾಬರಿಯಾಯಿತು. "ಕಸ್ತೂರಿ ಉಳದ್ಳು, ಕೂಸು ಉಳೀತು. ಇನ್ನ ಯಾಕಳ್ತಿ ದಾನೀ?" ಎಂದೆ.

"ಅದಕ್ಕಲ್ರಿ" ಎಂದಳು. ಬಿಕ್ಕುತ್ತ ಬಿಕ್ಕುತ್ತ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಭಾಳ ಛಲೋ ಆಡಾಕತ್ತಿದ್ದೆ. ನೀವು ನೋಡಿದ್ರೋ ಇಲ್ಲೋ? ಮಗಳು ಒಳಗ ಜೀವ ಹಿಡ್ಕೊಂಡ ಮಲಗ್ಯಾಳ, ನನಗ ಆಟದ ಚಿಂತಿ. ಎಂಥಾಕಿ ನಾನು" ಎಂದಳು.

ನನಗೆ ಅವಳ ಮೇಲೆ ಅಷ್ಟು ಪ್ರೀತಿ ಉಕ್ಕಿದ್ದು ಮದುವೆಯಾದ ಹೊಸದರಲ್ಲೂ ಇರಲಿಕ್ಕಿಲ್ಲ. "ನೋಡದ ಏನು" ಎಂದೆ. "ಮೊದಲಿಗೆ ಗುಂಡು ಕೆಳಗ ಬಂತು. ನೀ ಕಣ್ಣ ಮುಚ್ಚಿದ್ದಿ, ನೀ ಹ್ಯಾಂಗ ನೋಡ್ತಿ, ನಾ ನೋಡಿದೆ. ಎಡಗೈಲೆ ಹೊಡದಿ ನೋಡು, ಮೂರೂ ಅಣಬಿ..."

"ಎಡಗೈ ಅಲ್ರಿ" ಎಂದಳು ಮೂಗು ಒರೆಸಿಕೊಳ್ಳುತ್ತ. "ಬಲಗೈ."

"ಬಲಗೈ. ಆಮ್ಯಾಲ ಗುಂಡು ಎಡಗಡೆ ರೆಕ್ಕಿ ಮ್ಯಾಲ ಬಂದು ಕುಂತ್ತು. ನೀ ಗಡಬಡಿಸಲಿಲ್ಲ."

"ಹಂಗ ಕುಂಡ್ರಸಬೇಕ್ರಿ ಅದನ್ನ. ಕುಂತ ಮ್ಯಾಲ ಕಳಸಬೇಕು."

"ಕುಂಡ್ರಿಸಿದಿ. ಮಿಂಚವ್ವನ ಬಟ್ಟಲಿನ ಸಂದಿಗೇ ಕಳಿಸಿದಿ. ಹಿಂದ ನಿಂತಾವ್ರು ಅಬ್ಬಬ್ಬಾ ಅಂದ್ರು, ನಿನಗ ಕೇಳಿಸ್ತೇನು?"

"ಇಲ್ಲ" ಎಂದಳು. ಅಳು ನಿಂತಿತ್ತು. ನನ್ನತ್ತ ಪೂರ್ತಿ ತಿರುಗಿ ಕೂತಳು. "ಯಾರ್ ಅಂದ್ರು? ಖರೇನ ಅಂದ್ರ? ಮೊದಲಿಂದ ಹೇಳ್ರಿ."

ನಾನು ಮೊದಲಿನಿಂದ ಹೇಳಿದೆ.